ಬೇಸಿಗೆ ರಜೆ, ಪುಟ್ಟ ಮಕ್ಕಳು, ಒಂದೂವರೆ ತಿಂಗಳ ಪರದೇಶ ವಾಸ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರದೇಶದಲ್ಲಿ ಒಂದೆರಡು ತಿಂಗಳು ಮನೆ ಮಾಡಿ ಇರುವುದು ನಮ್ಮಂಥವರ ಕೈಗೆಟಕುತ್ತದೆಯೇ ಎಂದು ಕೇಳಿ ಬಂದ ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ವೀಸಾ ಮತ್ತು ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮುನ್ನ ಆಯಾ ದೇಶದ ಸರ್ಕಾರಿ ತಾಣವನ್ನು ಒಮ್ಮೆ ನೋಡಿಕೊಳ್ಳಿ.

ಮಗನಿಗೆ ಆರು ವರ್ಷ, ಮಗಳಿಗೆ ಮೂರು. ನಮ್ಮ ಮನೆಯವರಿಗೆ ಮನೆಯಿಂದಲೇ ಕೆಲಸ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ 45 ದಿನ ಹೊರಗೆ ಇರಬೇಕೆಂದಿದ್ದೇವೆ. ಖರ್ಚು ಮೂರೂವರೆ ಲಕ್ಷ ದಾಟಬಾರದು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಎನ್ನುವವರು ಕೆಲವರು, ಇಂಡೊನೇಷ್ಯಾದ ಬಾಲಿ ಎನ್ನುವವರು ಕೆಲವರು. ಎಲ್ಲಿಗೆ ಹೋಗುವುದು ಸರಿ? – ದಾವಣಗೆರೆ

ಮೊದಲು ನೋಡಬೇಕಾದ್ದು ಹವೆ, ಆಮೇಲೆ ವೀಸಾ, ದರ ಕೊನೆಗೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಪೇಚಿಗೆ ಸಿಕ್ಕಿಬೀಳುತ್ತಾರೆ. ಚಿಯಾಂಗ್ ಮಾಯ್ ಡಿಸೆಂಬರ್‌ನಲ್ಲಿ ಚಂದ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ, ಕಾಡುಗಳಿಗೆ ಬೆಂಕಿ ಬೀಳುವ ಕಾಲ. ಬೆಟ್ಟಗಳ ನಡುವಿನ ಕಣಿವೆಯಾದ್ದರಿಂದ ಹೊಗೆ ಅಲ್ಲೇ ನಿಂತುಬಿಡುತ್ತದೆ. ಮೂರು ವರ್ಷದ ಮಗುವನ್ನು ಆ ಹೊಗೆಗೆ ಕರೆದೊಯ್ಯಬೇಡಿ. ನಮ್ಮ ಬೇಸಿಗೆ ರಜೆ ಶುರುವಾಗುವುದೇ ಆ ಹೊತ್ತಿಗೆ.

ಬಾಲಿಯ ಹವೆ ಏಪ್ರಿಲ್–ಮೇಗೆ ಹೊಂದುತ್ತದೆ, ಮಳೆ ಮುಗಿದಿರುತ್ತದೆ. ತೊಡಕಿರುವುದು ವೀಸಾದಲ್ಲಿ. ಇಳಿದಾಗ ಸಿಗುವ ವೀಸಾಕ್ಕೆ ತಲೆಗೆ ಅಲ್ಲಿನ ಹಣದಲ್ಲಿ 5 ಲಕ್ಷ ರುಪಿಯಾ, ಕೂಸಿಗೂ ಅಷ್ಟೇ. ಅದರ ಅವಧಿ 30 ದಿನ. 45 ದಿನ ಇರುವವರು ಅಷ್ಟೇ ಹಣ ಮತ್ತೆ ಕಟ್ಟಿ ಮುಂದುವರಿಸಬೇಕು, ವಲಸೆ ಕಚೇರಿಗೂ ಅಲೆಯಬೇಕು. ನಾಲ್ವರಿಗೆ ಒಟ್ಟು 40 ಲಕ್ಷ ರುಪಿಯಾ, ಅಂದರೆ 200 ಡಾಲರ್ ದಾಟುತ್ತದೆ.

ನಿಮ್ಮ ಲೆಕ್ಕಕ್ಕೆ ಕೂಡಿಬರುವುದು ಮಧ್ಯ ವಿಯೆಟ್ನಾಂ: ದನಾಂಗ್ ಊರು, ಇಲ್ಲವೇ ಅದರ ವಿಮಾನ ನಿಲ್ದಾಣದಿಂದ ಸುಮಾರು 30 ಕಿ.ಮೀ. ದಕ್ಷಿಣದ ಹೋಯ್ ಆನ್. ಅಲ್ಲಿ ಮಳೆ, ನೆರೆಯ ಕಾಟ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಏಪ್ರಿಲ್–ಮೇನಲ್ಲಿ ಬಿಸಿಲು ಜೋರಾದರೂ ಸಮುದ್ರ ಶಾಂತವಾಗಿರುತ್ತದೆ. ಇ-ವೀಸಾ 2023ರ ಆಗಸ್ಟ್ 15ರಿಂದ 90 ದಿನದವರೆಗೆ ಸಿಗುತ್ತದೆ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50. ನಿಮಗೆ 25ರದ್ದು ಸಾಕು.

ಅಂದಾಜು ಲೆಕ್ಕ ಇಲ್ಲಿದೆ. ಬೆಂಗಳೂರಿನಿಂದ ಕೌಲಾಲಂಪುರ, ಬ್ಯಾಂಕಾಕ್ ಅಥವಾ ಸಿಂಗಪುರದ ಮೂಲಕ ಹೋಗಿಬರುವ ಟಿಕೆಟ್, ಬ್ಯಾಗಿನ ದುಡ್ಡೂ ಸೇರಿ, ತಲೆಗೆ 27,000 ಎಂದಿಟ್ಟುಕೊಂಡರೆ 1,08,000. ಎರಡು ಕೋಣೆಯ ಮನೆ ತಿಂಗಳಿಗೆ ಅಲ್ಲಿನ ಹಣದಲ್ಲಿ ಒಂದೂವರೆ ಕೋಟಿ ಡಾಂಗ್. 45 ದಿನಕ್ಕೆ ಸುಮಾರು 79,000 ರೂಪಾಯಿ. ಊಟ ದಿನಕ್ಕೆ 1,400ರಂತೆ 63,000. ಇದು ಎರಡು ಹೊತ್ತು ಮನೆಯಲ್ಲೇ ಅಡುಗೆ ಮಾಡಿದರೆ ಮಾತ್ರ. ಕರೆಂಟಿಗೆ 6,000, ಟ್ಯಾಕ್ಸಿಗೆ 20,000, ವೀಸಾಕ್ಕೆ 9,000 ಚಿಲ್ಲರೆ, ವಿಮೆಗೆ 8,000. ಎಲ್ಲ ಕೂಡಿದರೆ 2.93 ಲಕ್ಷದ ಆಸುಪಾಸು. ಉಳಿದ 50,000 ಚಿಲ್ಲರೆಯನ್ನು ಜ್ವರ, ಟಿಕೆಟ್ ಬದಲಾವಣೆಗೆಂದು ಮುಟ್ಟದೆ ಇಡಿ. ಟಿಕೆಟ್ ಮತ್ತು ವೀಸಾದ ಖರ್ಚು ಹತ್ತು ದಿನ ಹೋದರೂ ಇಷ್ಟೇ. ಹಾಗಾಗಿ ಹೆಚ್ಚು ದಿನ ಇದ್ದಷ್ಟೂ ದಿನದ ಸರಾಸರಿ ಇಳಿಯುತ್ತದೆ. ಆದರೆ ಇದಕ್ಕೊಂದು ಷರತ್ತು: ಒಂದೇ ಊರು, ಒಂದೇ ಮನೆ. "ಹೇಗೂ ಹೋಗಿದ್ದೀವಲ್ಲ, ಹನೋಯ್, ಸೈಗಾನ್ ಕೂಡ ನೋಡಿಬಿಡೋಣ" ಎಂದು ಹೊರಟರೆ ತಿಂಗಳ ಬಾಡಿಗೆಯ ರಿಯಾಯಿತಿ ಹೋಗುತ್ತದೆ, ಅಡುಗೆ ಮನೆ ತಪ್ಪುತ್ತದೆ, ಮಕ್ಕಳ ನಿದ್ದೆ ಕೆಡುತ್ತದೆ.

ಏಪ್ರಿಲ್ 30 ಮತ್ತು ಮೇ 1 ಅಲ್ಲಿ ರಾಷ್ಟ್ರೀಯ ರಜೆ. ಕಡಲತೀರದ ಊರುಗಳು ಕಿಕ್ಕಿರಿದು ದರ ಏರುತ್ತದೆ. ಈ ದಿನಗಳು ನಿಮ್ಮ ತಿಂಗಳ ಬಾಡಿಗೆಯೊಳಗೇ ಬರುವಂತೆ ನೋಡಿಕೊಳ್ಳಿ.

ನಿಮ್ಮ ಮನೆಯವರ ಕೆಲಸದ ಬಗ್ಗೆ: ಪ್ರವಾಸಿ ವೀಸಾ ಅಲ್ಲಿ ಕೆಲಸ ಮಾಡುವ ಪರವಾನಗಿ ಅಲ್ಲ. ಹೊರದೇಶದಿಂದ ಲಾಗಿನ್ ಆದರೆ ಲ್ಯಾಪ್‌ಟಾಪ್ ತಾನಾಗಿ ಲಾಕ್ ಆಗುವಂತೆ ಮಾಡಿಟ್ಟ ಕಂಪನಿಗಳೂ ಇವೆ. ಲಿಖಿತ ಅನುಮತಿ ಕೈಗೆ ಬರುವವರೆಗೆ ಟಿಕೆಟ್ ತೆಗೆಯಬೇಡಿ. ಅನುಮತಿ ಸಿಕ್ಕರೆ ಅಲ್ಲಿನ ಗಡಿಯಾರ ನಿಮ್ಮ ಪರವಾಗಿದೆ. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ; ನಮ್ಮ ಒಂಬತ್ತೂವರೆಯ ಕೆಲಸ ಅಲ್ಲಿ ಹನ್ನೊಂದಕ್ಕೆ ಶುರು. ಮೇನಲ್ಲಿ ಐದೂವರೆಯೊಳಗೆ ಬೆಳಕಾಗುತ್ತದೆ. ಆರಕ್ಕೆ ಕಡಲಿಗಿಳಿದು ಎಂಟಕ್ಕೆ ಮನೆ ಸೇರಿದರೆ ಬಿಸಿಲೂ ತಪ್ಪುತ್ತದೆ, ಅಪ್ಪನೂ ಮಕ್ಕಳ ಜೊತೆಗಿರುತ್ತಾರೆ.

ಮಗುವಿಗೆ ಪಾಸ್‌ಪೋರ್ಟ್ ಆಗಬೇಕು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲ. ಏನು ಮಾಡುವುದು? – ಹಾಸನ

ಹುಟ್ಟಿದ ಆಸ್ಪತ್ರೆಯಲ್ಲಿ ಹೆಸರಿಡುವ ಮೊದಲೇ ನೋಂದಣಿ ಆದವರಿಗೆಲ್ಲ ಇದೇ ಪಾಡು. ನೋಂದಣಿ ಮಾಡಿದ ಕಚೇರಿಗೇ ಹೋಗಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆದುಕೊಳ್ಳಿ. ಅಪ್ಪ ಅಮ್ಮನ ಹೆಸರು ಅವರವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಇದೆಯೇ ಎಂದು ಅಲ್ಲೇ ನಿಂತು ಓದಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನ್ಮದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುವುದು.

ಆಮೇಲೆ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ. ಜೊತೆಗೆ ತಂದೆತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ 'ಡಿ' ಎಂಬ ಘೋಷಣಾ ಪತ್ರ, ಇಬ್ಬರ ಮೂಲ ಪಾಸ್‌ಪೋರ್ಟ್ ಮತ್ತು ನಕಲು. ನಾಲ್ಕು ವರ್ಷದೊಳಗಿನ ಮಗುವಿನ ಫೋಟೊವನ್ನು ನೀವೇ ಒಯ್ಯಬೇಕು: 4.5 × 3.5 ಸೆಂ.ಮೀ., ಬಿಳಿ ಹಿನ್ನೆಲೆ. ಹಿಡಿದುಕೊಂಡವರ ಕೈ ಕಾಣಬಾರದು. ಬಿಳಿ ಹಾಸಿಗೆ ವಸ್ತ್ರದ ಮೇಲೆ ಮಲಗಿಸಿ ಮೇಲಿನಿಂದ ತೆಗೆದರೆ ಸುಲಭ. ಮಕ್ಕಳಿಗೆ ಶುಲ್ಕ 1,000 ರೂ., ಎಂಟು ವರ್ಷದೊಳಗಿನವರ ಹೊಸ ಅರ್ಜಿಗೆ ಶೇ 10 ಕಡಿಮೆ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ ಎಂಬುದನ್ನು ದೊಡ್ಡವರು ಮರೆಯುತ್ತಾರೆ. ಹೊರಡುವ ದಿನದಿಂದ ಕನಿಷ್ಠ ಆರು ತಿಂಗಳಾದರೂ ಬಾಕಿ ಇರಲಿ.

ತಾಯಿಯೊಬ್ಬರೇ ಅಥವಾ ಅಜ್ಜಿ ತಾತ ಮಕ್ಕಳನ್ನು ಕರೆದೊಯ್ಯುವುದಾದರೆ, ಉಳಿದ ಪೋಷಕರ ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಿ ಕೈಚೀಲದಲ್ಲೇ ಇಡಿ.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮಕ್ಕಳಿಗೆ ಅಪ್ಪನ ಹೆಸರೇ ಸರ್‌ನೇಮ್. ತೊಂದರೆ ಆಗುತ್ತದೆಯೇ? – ಬಾಗಲಕೋಟೆ

ಮಕ್ಕಳ ಸರ್‌ನೇಮ್ ಬೇರೆ ಇದ್ದರೆ ಏನೂ ತೊಂದರೆಯಿಲ್ಲ. ಜನನ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ ಜೊತೆಗಿರಲಿ. ತೊಂದರೆ ಬರುವುದು ಒಂದೇ ಹೆಸರಿನಿಂದ. ಟಿಕೆಟ್ ತೆಗೆಯುವಾಗ ಕೊನೆಯ ಹೆಸರು ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಕೆಲವು ವಿಮಾನ ಕಂಪನಿಗಳು ಹೆಸರನ್ನೇ ಎರಡು ಬಾರಿ ಬರೆಯಿರಿ ಎನ್ನುತ್ತವೆ, ಕೆಲವು ಬೇರೆ ಕ್ರಮ ಹೇಳುತ್ತವೆ. ಆಯಾ ಕಂಪನಿಯ ಸಹಾಯ ಪುಟದಲ್ಲಿ ಹೇಳಿದಂತೆ ಮಾಡಿ. ಗಂಡನ ಹೆಸರನ್ನು ಅಂದಾಜಿನಲ್ಲಿ ಸೇರಿಸಲು ಮಾತ್ರ ಹೋಗಬೇಡಿ, ಚೆಕ್-ಇನ್ ಕೌಂಟರಿನಲ್ಲಿ ನಿಲ್ಲಿಸಿಬಿಡುತ್ತಾರೆ. ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗಿನ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರಬೇಕು. ದುಬೈ ಮೂಲಕ ಹೋಗಿ ಅಲ್ಲಿ ನಾಲ್ಕು ದಿನ ಇಳಿಯುವ ಯೋಚನೆ ಇದ್ದರೆ ಕೈಬಿಡಿ. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ ಸಂದರ್ಶಕ ವೀಸಾ ಕೊಡುತ್ತಿಲ್ಲ.

ವಿಯೆಟ್ನಾಂ ಇ-ವೀಸಾದಲ್ಲಿ ಎಡವುವ ಇನ್ನೊಂದು ಕಡೆ: ದಿನಾಂಕ. ವೀಸಾ ಶುರುವಾಗುವ ದಿನಕ್ಕಿಂತ ಒಂದು ಗಂಟೆ ಮೊದಲೂ ಒಳಗೆ ಬಿಡುವುದಿಲ್ಲ. ರಾತ್ರಿ ವಿಮಾನದವರು ಇಳಿಯುವ ತಾರೀಕನ್ನು ಬರೆಯಬೇಕು, ಹೊರಡುವ ತಾರೀಕನ್ನಲ್ಲ. ಮಕ್ಕಳಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ತಪ್ಪಾದರೆ ದುಡ್ಡು ವಾಪಸ್ ಇಲ್ಲ. ಮೂರು ವಾರ ಮುಂಚೆ ಹಾಕಿ. ಗೂಗಲ್‌ನಲ್ಲಿ ಮೊದಲು ಕಾಣುವ, ಎರಡು ಮೂರು ಪಟ್ಟು ವಸೂಲಿ ಮಾಡುವ ಖಾಸಗಿ ತಾಣಗಳನ್ನು ಸರ್ಕಾರದ್ದೆಂದು ನಂಬಬೇಡಿ.

ವಿಯೆಟ್ನಾಂನಲ್ಲಿ ಮನೆಯನ್ನು ಇಲ್ಲಿಂದಲೇ ಬುಕ್ ಮಾಡಬೇಕೆ, ಹೋಗಿ ನೋಡಿ ಹಿಡಿಯಬೇಕೆ? – ಉಡುಪಿ

ಮಕ್ಕಳಿಲ್ಲದವರು ಹೋಗಿ ನೋಡಬಹುದು. ನೀವು ಮೊದಲ ಏಳು ದಿನಕ್ಕೆ ಇಲ್ಲಿಂದ ಬುಕ್ ಮಾಡಿ, ಅಲ್ಲಿದ್ದುಕೊಂಡೇ ತಿಂಗಳ ಮನೆ ಹುಡುಕಿ. ಅದು ಆಗದು ಎಂದರೆ ಒಂದೇ ಬಾರಿಗೆ 28 ದಿನ ಮೀರಿ ಬುಕ್ ಮಾಡಿ. ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ತಾಣದಲ್ಲಿ ತಿಂಗಳ ರಿಯಾಯಿತಿ ಅಲ್ಲಿಂದ ಶುರುವಾಗುತ್ತದೆ.

ಮಾಲೀಕರನ್ನು ಕೇಳಬೇಕಾದ್ದು ಇಷ್ಟು. ಕರೆಂಟ್ ಬಾಡಿಗೆಯೊಳಗೋ, ಮೀಟರಿನ ಪ್ರಕಾರವೋ? ಮೀಟರಾದರೆ ಯೂನಿಟ್ಟಿಗೆ ಎಷ್ಟು? 4,000 ಡಾಂಗ್ ಎಂದರೆ, ದಿನಕ್ಕೆ ಹತ್ತು ಯೂನಿಟ್ ಎಸಿ ಓಡಿದರೂ 140 ರೂಪಾಯಿ. ಸೇರಿದ ದಿನ ಮೀಟರಿನ ಫೋಟೊ ತೆಗೆದಿಡಿ. ಮಹಡಿ ಎಷ್ಟನೆಯದು, ಬಾಲ್ಕನಿಯ ಸರಳುಗಳ ನಡುವೆ ಮಗುವಿನ ತಲೆ ತೂರುತ್ತದೆಯೇ? ಅಲ್ಲಿನ ಕಿರಿದಾದ ಮನೆಗಳಲ್ಲಿ ಕಡಿದಾದ ಮೆಟ್ಟಿಲಿಗೆ ಕಟಕಟೆಯೇ ಇರದಿರಬಹುದು. ನೆಲಮಟ್ಟದ ಮನೆ ಅಥವಾ ಲಿಫ್ಟ್ ಇರುವ ಅಪಾರ್ಟ್‌ಮೆಂಟ್ ನೋಡಿ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ದನಾಂಗ್‌ನಲ್ಲಿ ಕಟ್ಟಡ ಏಳದ ಬೀದಿ ಕಡಿಮೆ, ಮಧ್ಯಾಹ್ನ ಮಲಗುವ ಮಗುವಿಗೆ ಇದೇ ದೊಡ್ಡ ಕಾಟ. ಅಲ್ಲಿನ ಆನ್ ಥುವಾಂಗ್ ಬಡಾವಣೆಯ ಸುತ್ತಮುತ್ತ ಸಮುದ್ರ ಹತ್ತಿರ, ಆದರೆ ರಾತ್ರಿ ಬಾರುಗಳ ಗದ್ದಲ. ಇನ್ನೊಂದು ಮಾತು: ವಿದೇಶಿಯರು ತಂಗಿದ್ದನ್ನು ಸ್ಥಳೀಯ ಪೊಲೀಸರಿಗೆ ನೋಂದಾಯಿಸುವ ಹೊಣೆ ಮನೆ ಮಾಲೀಕರದು. "ಅದೆಲ್ಲ ಬೇಡ ಬಿಡಿ" ಎನ್ನುವವರ ಮನೆ ನಿಮಗೂ ಬೇಡ.

ಚಿಕ್ಕವನು ಮೊಸರನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ನಾವು ಸಸ್ಯಾಹಾರಿಗಳು. ವಿಯೆಟ್ನಾಂನಲ್ಲಿ ಹೇಗೆ ಸಂಭಾಳಿಸುವುದು? – ಮೈಸೂರು

ಅನ್ನಕ್ಕೆ ಚಿಂತೆಯೇ ಇಲ್ಲ. ಅಲ್ಲಿನ ಅಕ್ಕಿ ಮೆತ್ತಗೆ, ಅಂಟಂಟು. ಸೋನಾ ಮಸೂರಿಗೆ ಹಾಕುವಷ್ಟು ನೀರು ಹಾಕಿದರೆ ಗಂಜಿಯಾಗುತ್ತದೆ; ಒಂದು ಲೋಟಕ್ಕೆ ಒಂದೂಕಾಲು ಲೋಟ ಸಾಕು. ಮೊಸರನ್ನಕ್ಕೆ ಹೇಳಿ ಮಾಡಿಸಿದಂಥ ಅಕ್ಕಿ.

ಮೊಸರಿನದೇ ಕಥೆ. ಅಂಗಡಿಯಲ್ಲಿ ಕಪ್ಪುಗಳಲ್ಲಿ ಸಿಗುವುದು ಬಹುಪಾಲು ಸಿಹಿ ಮೊಸರು, ಹಾಲಿನ ಪ್ಯಾಕೆಟ್ಟಿಗೂ ಸಕ್ಕರೆ ಬೆರೆಸಿರುತ್ತಾರೆ. 'ಖೋಂಗ್ ಡುವಾಂಗ್' ಅಂದರೆ ಸಕ್ಕರೆ ಇಲ್ಲದ್ದು. ಆ ಮಾತು ಪ್ಯಾಕಿನ ಮೇಲೆ ಹೇಗೆ ಬರೆದಿರುತ್ತದೆ ಎಂದು ಫೋನಿನಲ್ಲಿ ಚಿತ್ರ ಇಟ್ಟುಕೊಂಡು ಹೋಲಿಸಿ ಕೊಳ್ಳಿ. ಸಿಹಿಯಿಲ್ಲದ ಒಂದು ಕಪ್ ಮೊಸರು ತಂದರೆ ಅದೇ ಹೆಪ್ಪು. ಲೀಟರ್ ಪೆಟ್ಟಿಗೆಯ ಹಾಲು ಮೊದಲೇ ಸಂಸ್ಕರಿಸಿದ್ದು, ಉಕ್ಕಿಸಬೇಕಿಲ್ಲ. ಬೆರಳಿಗೆ ಹಿತವೆನಿಸುವಷ್ಟು ಬೆಚ್ಚಗೆ ಮಾಡಿ, ಅರ್ಧ ಲೀಟರಿಗೆ ಎರಡು ಚಮಚ ಹೆಪ್ಪು ಕದಡಿ ಮುಚ್ಚಿಡಿ. ಆ ಸೆಕೆಗೆ ಐದಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ರಾತ್ರಿಯೆಲ್ಲ ಹೊರಗಿಟ್ಟರೆ ಹುಳಿ ಏರಿ ಮಗು ಮುಖ ತಿರುಗಿಸುತ್ತದೆ. ಎಸಿ ಕೋಣೆಯಲ್ಲಿ ಇಟ್ಟರೆ ಹೆಪ್ಪುಗಟ್ಟುವುದು ತಡವಾಗುತ್ತದೆ. ಒಮ್ಮೆ ಆದ ಮೇಲೆ ನಿಮ್ಮ ಮೊಸರಿನಲ್ಲೇ ಮುಂದಿನ ಹೆಪ್ಪು.

ತರಕಾರಿ ಸಂತೆಯಲ್ಲಿ ನಿಮಗೆ ಪರಕೀಯ ಅನ್ನಿಸದು. ಬಸಳೆ, ಹರಿವೆ, ಸೋರೆ, ಹಾಗಲ, ತುಪ್ಪೀರೆ, ಬೂದುಗುಂಬಳ, ತೆಂಗು ಎಲ್ಲ ಇವೆ. ಸಿಪ್ಪೆ ತೆಗೆದ ಹೆಸರುಬೇಳೆ ಅಲ್ಲಿನ ಸಿಹಿತಿಂಡಿಗಳಿಗೆ ಬೇಕಾದ್ದರಿಂದ ಎಲ್ಲ ಕಡೆ ಸಿಗುತ್ತದೆ. ತೊವ್ವೆ, ಪೊಂಗಲ್‌ಗೆ ತೊಂದರೆಯಿಲ್ಲ. ಇಲ್ಲಿಂದ ಒಯ್ಯಬೇಕಾದ್ದು ಎರಡು ಕೆ.ಜಿ. ತೊಗರಿಬೇಳೆ, ಸಾರಿನ ಪುಡಿ, ಇಂಗು, ಸಾಸಿವೆ, ಒಣಗಿಸಿದ ಕರಿಬೇವು, ರಾಗಿ ಹಿಟ್ಟು. ಎಲ್ಲವೂ ಮುಚ್ಚಿದ ಪ್ಯಾಕಿನಲ್ಲಿ, ಹೆಸರಿನ ಚೀಟಿಯ ಸಮೇತ. ಹಸಿ ಹಣ್ಣು, ಸೊಪ್ಪು ಬೇಡ. ಯುಎಇ, ಸಿಂಗಪುರದ ಮೂಲಕ ಹೋಗುವವರು ಗಸಗಸೆ ಇರುವ ಮಸಾಲೆಯನ್ನೂ ಒಯ್ಯಬಾರದು. ಅಲ್ಲಿ ಅದು ಮಾದಕ ವಸ್ತುವಿನ ಕಾಯ್ದೆಗೆ ಬರುತ್ತದೆ.

ಕುಕ್ಕರ್ ತೆಗೆದುಕೊಂಡು ಹೋಗಿ, ಎರಡು ಮೂರು ಲೀಟರಿನದು ಸಾಕು. ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಒಲೆ ಹೆಚ್ಚು. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ, ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಒಯ್ಯಿರಿ. ನಮ್ಮ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಫೋನಿನ ಎರಡು ಪಿನ್ ಕೂರುತ್ತದೆ.

ಹೊರಗೆ ಊಟ ಮಾಡುವಾಗ 'ಚಾಯ್' ಎಂಬ ಫಲಕ ಹುಡುಕಿ. ಅದು ಬೌದ್ಧರ ಸಸ್ಯಾಹಾರ, ಅಲ್ಲಿ ಮೀನಿನ ಸಾರವೂ ಇರುವುದಿಲ್ಲ. ಬೇರೆ ಹೋಟೆಲಿನಲ್ಲಿ "ಮಾಂಸ ಬೇಡ" ಎಂದರೆ ಮಾಂಸ ತೆಗೆದು ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಅವರ ಪಾಲಿಗೆ ಅದು ಉಪ್ಪಿದ್ದಂತೆ.

ಹಣ ಹೇಗೆ ಒಯ್ಯುವುದು? ಕ್ರೆಡಿಟ್ ಕಾರ್ಡ್ ಒಂದೇ ಸಾಕೇ? ಏಜೆಂಟರು ಪ್ಯಾಕೇಜ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. – ಹುಬ್ಬಳ್ಳಿ

ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಖರ್ಚಿಗೆ ಶೇ 3.5 ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ. ಲಕ್ಷಕ್ಕೆ 4,130 ರೂಪಾಯಿ ಸುಮ್ಮನೆ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡ್ ಒಂದು, ಮೊದಲೇ ವಿದೇಶಿ ಹಣ ತುಂಬಿಡುವ ಫಾರೆಕ್ಸ್ ಕಾರ್ಡ್ ಒಂದು ಇರಲಿ, ಎರಡನ್ನೂ ಬೇರೆ ಬೇರೆ ಚೀಲದಲ್ಲಿಡಿ. ಯಂತ್ರ "ರೂಪಾಯಿಯಲ್ಲಿ ಕಟ್ಟುವಿರಾ?" ಎಂದು ಕೇಳಿದರೆ ಬೇಡವೆಂದು ಡಾಂಗ್ ಆರಿಸಿ. ರೂಪಾಯಿ ಎಂದರೆ ಅವರು ಹೇಳಿದ್ದೇ ದರ. ಸಂತೆ, ತಳ್ಳುಗಾಡಿ, ಕೆಲವು ಮನೆ ಮಾಲೀಕರಿಗೆ ನಗದೇ ಬೇಕು.

ಲೆಕ್ಕಕ್ಕೆ ಸುಲಭ ದಾರಿ: ಮೂರು ಸೊನ್ನೆ ಅಳಿಸಿ ಮೂರೂವರೆಯಿಂದ ಗುಣಿಸಿ. ಲಕ್ಷ ಡಾಂಗ್ ಅಂದರೆ 350 ರೂಪಾಯಿಯ ಹತ್ತಿರ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ. ಮಂದ ಬೆಳಕಿನಲ್ಲಿ, ಕಂಕುಳಲ್ಲಿ ಅಳುವ ಮಗುವಿದ್ದಾಗ, 70 ರೂಪಾಯಿಗೆ ಬದಲು 1,750 ಕೊಟ್ಟುಬಿಡುವುದು ಸಲೀಸು. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲಿಡಿ.

ಪ್ಯಾಕೇಜ್ ಬೇಡ. ವಿದೇಶ ಪ್ರವಾಸದ ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ನೀವೇ ಟಿಕೆಟ್, ಮನೆ ಬೇರೆಬೇರೆ ಮಾಡಿ ಫಾರೆಕ್ಸ್ ಕಾರ್ಡಿಗೆ ಹಣ ತುಂಬಿದರೆ, 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಅದಿಲ್ಲ. ಟಿಸಿಎಸ್ ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಹಣ ಸಿಕ್ಕಿಕೊಂಡಂತೆ. ಅದಕ್ಕಿಂತ ಮುಖ್ಯವಾಗಿ, ಪ್ಯಾಕೇಜಿನವರು ಹೋಟೆಲ್ ಕೋಣೆ ಕೊಡುತ್ತಾರೆ, ಅಡುಗೆ ಮನೆ ಕೊಡುವುದಿಲ್ಲ.

ಔಷಧಿ, ಲಸಿಕೆ, ವಿಮೆ – ಏನೇನು ಮಾಡಿಕೊಳ್ಳಬೇಕು? – ಶಿವಮೊಗ್ಗ

ಹೊರಡುವ ಆರು ವಾರ ಮುಂಚೆ ಮಕ್ಕಳ ವೈದ್ಯರನ್ನು ಕಂಡು ಲಸಿಕೆ ಪುಸ್ತಕ ತೋರಿಸಿ. ದಡಾರದ ಎರಡೂ ಡೋಸ್, ಟೈಫಾಯ್ಡ್, ಹೆಪಟೈಟಿಸ್ ಎ, ಫ್ಲೂ, ಮಿದುಳು ಜ್ವರದ್ದು ಆಗಿದೆಯೇ ಕೇಳಿ. ರೇಬಿಸ್ ಅಲ್ಲೂ ಇದೆ. ನಾಯಿ, ಬೆಕ್ಕು, ಕೋತಿ ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಜ್ವರದ ಔಷಧಿ ಇಲ್ಲಿನ ಬಾಟಲಿಯೇ ಒಯ್ಯಿರಿ. 15 ಕಿಲೋ ತೂಗುವ ಮಗುವಿಗೆ ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಪ್ಯಾರಸಿಟಮಾಲ್ 225 ಮಿ.ಗ್ರಾಂ. 5 ಮಿ.ಲೀ.ಗೆ 250 ಇರುವ ಸಿರಪ್ ಆದರೆ ನಾಲ್ಕೂವರೆ ಮಿ.ಲೀ.; 120 ಇರುವುದಾದರೆ ಒಂಬತ್ತರ ಮೇಲೆ; ಮಿ.ಲೀ.ಗೆ 100 ಇರುವ ಡ್ರಾಪ್ಸ್ ಆದರೆ ಎರಡೂಕಾಲು. ಬಾಟಲಿ ಬದಲಾದಾಗ ಅಳತೆ ಬದಲಿಸದಿರುವುದೇ ಅಪಾಯ. ವೈದ್ಯರಿಂದ ಮಿ.ಗ್ರಾಂನಲ್ಲಿ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಓಆರ್‌ಎಸ್‌ನಲ್ಲೂ ಇದೇ ಎಡವಟ್ಟು: ಸುಮಾರು 21 ಗ್ರಾಂನ ಪೊಟ್ಟಣ ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಕೆಡುಕಾಗುತ್ತದೆ. ನಲ್ಲಿ ನೀರು ಕುಡಿಯಬೇಡಿ, 20 ಲೀಟರಿನ ಕ್ಯಾನ್ ಮನೆಗೇ ತಂದುಕೊಡುತ್ತಾರೆ.

ವಿಮೆಯಲ್ಲಿ ಮೊತ್ತಕ್ಕಿಂತ ಮೊದಲು ಎರಡು ಸಾಲು ಓದಿ: ಆಸ್ಪತ್ರೆಗೆ ಸೇರದೆ ತೋರಿಸಿಕೊಂಡ ಖರ್ಚು ಬರುತ್ತದೆಯೇ, ಮೊದಲು ನಾವೇ ಭರಿಸಬೇಕಾದ ಪಾಲು ಎಷ್ಟು? ಮಕ್ಕಳಿಗೆ ಹೆಚ್ಚಾಗಿ ಬರುವುದು ಜ್ವರ, ಕಿವಿ ನೋವು, ಭೇದಿ. ಅದಕ್ಕೆ ಉಪಯೋಗವಾಗದ ಪಾಲಿಸಿ ಅಗ್ಗವಾದರೂ ದುಬಾರಿ. ಅಲ್ಲಿ ಆಂಬುಲೆನ್ಸ್ ಸಂಖ್ಯೆ 115.

ಮಗಳಿಗೆ ಹೋಗುವಾಗ 23 ತಿಂಗಳು, ಬರುವಾಗ ಎರಡು ತುಂಬಿರುತ್ತದೆ. ಟಿಕೆಟ್ ಯಾವುದು? – ಬೆಂಗಳೂರು

ಹೋಗುವಾಗ ಮಡಿಲ ಮಗು, ಬರುವಾಗ ಸ್ವಂತ ಸೀಟು. ಬುಕ್ ಮಾಡುವಾಗಲೇ ಹೀಗೆ ತೆಗೆಯಿರಿ. ತಾಣ ಒಪ್ಪದಿದ್ದರೆ ಕಂಪನಿಗೆ ಕರೆ ಮಾಡಿ. ಬರುವ ದಿನ ಕೌಂಟರಿನಲ್ಲಿ ಕೊಳ್ಳುವ ಸೀಟಿಗೆ ಅವರು ಹೇಳಿದ್ದೇ ಬೆಲೆ.

ವಿಯೆಟ್ನಾಂನಲ್ಲಿ ಸ್ಕೂಟರ್ ಬಾಡಿಗೆ ಬಹಳ ಅಗ್ಗವಂತೆ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡರೆ ಆಯಿತಲ್ಲ? – ಕಲಬುರಗಿ

ಆಗುವುದಿಲ್ಲ. ನಮ್ಮ ಆರ್‌ಟಿಒ ಕೊಡುವುದು 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಪರವಾನಗಿ, ವಿಯೆಟ್ನಾಂ ಒಪ್ಪುವುದು 1968ರದ್ದನ್ನು ಮಾತ್ರ. ಬಾಡಿಗೆ ಅಂಗಡಿಯವರು ಏನನ್ನೂ ಕೇಳದೆ ಕೀ ಕೊಡುತ್ತಾರೆ. ಆದರೆ ಬಿದ್ದರೆ ಪರವಾನಗಿ ಇಲ್ಲವೆಂಬ ಕಾರಣಕ್ಕೆ ವಿಮಾ ಕಂಪನಿ ಕೈ ಎತ್ತುತ್ತದೆ. ನಡುವೆ ಮಗುವನ್ನು ನಿಲ್ಲಿಸಿಕೊಂಡು ಹೋಗುವುದನ್ನು ಅಲ್ಲೂ ಕಾಣುತ್ತೀರಿ, ನೀವು ಮಾಡಬೇಡಿ. ಗ್ರ್ಯಾಬ್ ಆ್ಯಪಿನಲ್ಲಿ ಕಾರು ತರಿಸಿ, ಮಕ್ಕಳನ್ನು ಹಿಂದೆಯೇ ಕೂರಿಸಿ. ಮಗುವಿನ ಸೀಟು ಅದರಲ್ಲಿ ಇರುವುದಿಲ್ಲ. ಮಡಚುವ ಬೂಸ್ಟರ್ ಒಯ್ದರೆ ದೊಡ್ಡವನಿಗಾದರೂ ಆಗುತ್ತದೆ. ಹೋಯ್ ಆನ್‌ನಲ್ಲಿ ನೆಲ ಸಮತಟ್ಟು, ಹಿಂದೆ ಮಕ್ಕಳ ಸೀಟಿರುವ ಸೈಕಲ್ ಬಾಡಿಗೆಗೆ ಸಿಗುತ್ತದೆ. ಕಾಲು ಚಕ್ರದ ಕಡ್ಡಿಗೆ ಸಿಗದಂತೆ ಅಡ್ಡ ತಗಡು ಇರುವುದನ್ನೇ ಆರಿಸಿ, ಮಕ್ಕಳ ಹೆಲ್ಮೆಟ್ ಮಾತ್ರ ಇಲ್ಲಿಂದಲೇ ಒಯ್ಯಿರಿ.